ಬಲಗಡೆಯ ಮಡ್‌ಗಾರ್ಡು

ಅಳಿಯ ಒಂದೇ ದಿನ ಕಾರನ್ನೂ ತಂದು ಬಿಟ್ಟ, ಮಗಳನ್ನೂ ತಂದು ಬಿಟ್ಟ. ಎರಡಕ್ಕೂ ಬಲಗಡೆಗೇ ಪೆಟ್ಟಾಗಿತ್ತು. ಕಾರನ್ನು ಟೋ ಟ್ರಕ್ಕಿನವನು ಸರಪಳಿ ಬಿಚ್ಚಿ ಇಳಿಸಿದ. ಬಿಂದುಶ್ರೀ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಹಿಂದೆ ಬಂದ ಗಂಡನ ಹೋಂಡಾದಿಂದ ತಾನೇ ಇಳಿದಳು. ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಊರಿನ ಬಾಡಿಗೆ ಮನೆಯ ಮುಂದೆ ನಿಂತಿದ್ದ ಶಿವರಾಮು ಮೊದಲು ಓಡಿ ನೋಡಿದ್ದು ಕಾರನ್ನು. ಹೆಂಡತಿ ಭದ್ರಮ್ಮ ಈ ಮಾತನ್ನು ಆಮೇಲೆ ಎಷ್ಟೋ ಸಲ ಎತ್ತಿ ಆಡಿದಳು. ಆಡುವುದಕ್ಕೆ ಅವಳಿಗೆ ಹಕ್ಕೂ ಇತ್ತು.

ಶಿವರಾಮು ಟಿಂಕರ್. ಗುದ್ದಿಸಿಕೊಂಡ ಗಾಡಿಗಳ ತಗಡು ಸರಿಮಾಡುವವನು. ಮಂಡ್ಯದ ಗ್ಯಾರೇಜಿನಲ್ಲಿ ಹದಿಮೂರನೇ ವಯಸ್ಸಿಗೆ ಹಿಡಿದ ಸುತ್ತಿಗೆಯನ್ನು, ಅಕ್ಕನ ಅರ್ಜಿಯ ಮೇಲೆ ಅಮೆರಿಕಕ್ಕೆ ಬಂದು ಹನ್ನೆರಡು ವರ್ಷವಾದರೂ ಕೆಳಗಿಟ್ಟಿರಲಿಲ್ಲ. ಸುತ್ತಲಿನ ಕನ್ನಡದವರೆಲ್ಲ ಕಂಪ್ಯೂಟರಿನವರು. ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೆ ಉಗುರಿನ ಕಪ್ಪು ಕಾಣದ ಹಾಗೆ ಕೈಕಟ್ಟಿ ಕೂರುತ್ತಿದ್ದ. ಅಂಥವನಿಗೆ ಅಜಯನಂಥ ಅಳಿಯ ಸಿಕ್ಕಿದ್ದು ಹೋದ ವರ್ಷದ ದೊಡ್ಡ ಸುದ್ದಿ. ಹಾಸನದ ಹುಡುಗ, ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್‌ನೆಟ್ ಕಂಪನಿಯಲ್ಲಿ ಕೆಲಸ, ಕಾಗದದ ಮೇಲೆ ಕೋಟ್ಯಧೀಶ. ಮದುವೆಯಾದ ಹೊಸತರಲ್ಲೇ ಶೋಕಿಗೆ ಅಂತ ಒಂದು ಹಳೇ ಮೋರಿಸ್ ಮೈನರ್ ಕೊಂಡಿದ್ದ. ನಮ್ಮ ಕಡೆ ಬೇಬಿ ಹಿಂದೂಸ್ತಾನ್ ಅನ್ನುತ್ತಿದ್ದರಲ್ಲ, ಆ ಗುಂಡು ಗುಂಡು ಗಾಡಿ. ಏಪ್ರಿಲ್‌ನಲ್ಲಿ ಆ ಕಂಪನಿಯ ಷೇರು ಮಕಾಡೆ ಮಲಗಿತು. ಈಗ ಸೆಪ್ಟೆಂಬರು.

"ಟ್ರಕ್ಕು ಮಾವ," ಅಂದ ಅಜಯ್. "ಎಲ್ ಕಮೀನೋ ರೋಡಲ್ಲಿ ಸೈಡಿಂದ ಬಂದು ಒಂದ್ಸಲ ಗುದ್ದಿ ಹೊರಟೇ ಹೋದ. ನಂಬರೂ ಸಿಗ್ಲಿಲ್ಲ."

"ಇನ್ಶೂರೆನ್ಸು?"

"ಅದಕ್ಕೆ ಹೋದ್ರೆ ಪೊಲೀಸ್ ರಿಪೋರ್ಟು ಅಂತಾರೆ, ಸುಮ್ನೆ ತಲೆನೋವು. ನೀವಿದೀರಲ್ಲ."

ನೀವಿದೀರಲ್ಲ! ಒಂಬತ್ತು ತಿಂಗಳಲ್ಲಿ ಅಳಿಯ ಒಂದು ದಿನವಾದರೂ ಮಾವನ ಕಸುಬಿನ ಸುದ್ದಿ ಎತ್ತಿದವನಲ್ಲ. ಶಿವರಾಮುವಿಗೆ ಎದೆ ಉಬ್ಬಿತು. ಬಲಗಡೆಯ ಮಡ್‌ಗಾರ್ಡು ಹಿಂಡಿದ ಬಟ್ಟೆಯಂತಾಗಿತ್ತು, ಬಾಗಿಲು ಕಚ್ಚಿಕೊಂಡಿತ್ತು, ಕೆಳಗೆ ತುಕ್ಕು ಬೇರೆ.

"ದೀಪಾವಳಿಗೆ ರೆಡಿ ಮಾಡ್ಕೊಡ್ತೀನಿ ಬಿಡಿ," ಅಂದ.

"ಸರಿಹೋಯ್ತು. ಹೇಗೂ ಮೊದಲನೇ ದೀಪಾವಳಿಗೆ ನಾನು ಬರ್ಬೇಕಲ್ಲ. ಕಾರು, ಬಿಂದು ಎರಡನ್ನೂ ಒಟ್ಟಿಗೆ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೆ ಅವಳ ಕೈಗೂ ರೆಸ್ಟು."

ಅಷ್ಟು ಹೊತ್ತೂ ಬಿಂದುಶ್ರೀ ಮೆಟ್ಟಿಲ ಮೇಲೆ ಕೂತು ಚಪ್ಪಲಿಯನ್ನೇ ನೋಡುತ್ತಿದ್ದಳು.

ರಾತ್ರಿ ಊಟಕ್ಕೆ ಮುದ್ದೆ, ಬಸ್ಸಾರು. ಬಿಂದು ಎಡಗೈ ತಟ್ಟೆಗೆ ಇಟ್ಟಳೋ ಇಲ್ಲವೋ, ಶಿವರಾಮುವಿನ ತಾಯಿ ವೆಂಕಟಮ್ಮ ಹೌಹಾರಿದಳು. "ಎಡಗೈಲಿ ಉಣ್ಬಾರ್ದು ಕಣವ್ವ! ಬಾ ಇಲ್ಲಿ, ನಾನು ತಿನ್ನುಸ್ತೀನಿ." ಇಪ್ಪತ್ತಾರು ವರ್ಷದ ಮೊಮ್ಮಗಳಿಗೆ ಎಪ್ಪತ್ತೆಂಟರ ಅಜ್ಜಿ ಮುದ್ದೆ ಮುರಿದು ಬಾಯಿಗಿಟ್ಟಳು. ಇಡುವಾಗ ಕೂದಲು ಸರಿಯಿತು. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ, ಹಳದಿಗೆ ತಿರುಗಿದ್ದ ಹಳೇ ಏಟಿನ ಕಲೆಗಳು. ಅವು ಈ ವಾರದವಲ್ಲ. ಮುದುಕಿ ಒಂದು ಗಳಿಗೆ ಕೈ ನಿಲ್ಲಿಸಿದಳು, ಆಮೇಲೆ ಕೂದಲನ್ನು ಮೊದಲಿದ್ದ ಹಾಗೇ ಎಳೆದು ಮುಚ್ಚಿದಳು. ಎದುರಿಗೆ ಕೂತಿದ್ದ ಭದ್ರಮ್ಮನೂ ನೋಡಿದಳು. ಅತ್ತೆ ಸೊಸೆ ಇಪ್ಪತ್ತೆಂಟು ವರ್ಷದಲ್ಲಿ ಒಂದು ವಿಷಯಕ್ಕೂ ಒಪ್ಪಿದವರಲ್ಲ. ಇದನ್ನು ಬಾಯಿಬಿಡಬಾರದು ಅಂತ ಅವತ್ತು ಮಾತೇ ಆಡದೆ ಒಪ್ಪಿಬಿಟ್ಟರು.

"ಅಕ್ಕಾ, ವಾಟ್ ಕೈಂಡ್ ಆಫ್ ಟ್ರಕ್?" ಅಂದಳು ತಂಗಿ ಕಾವ್ಯಾ. ಹದಿನಾರು ವರ್ಷದ ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಹೆಚ್ಚಾಗಿ ಇಂಗ್ಲಿಷೇ ಬರುತ್ತದೆ.

"ದೊಡ್ಡದು," ಅಂದಳು ಬಿಂದು.

"ವಾಟ್ ಕಲರ್?"

"ಸುಮ್ನೆ ಉಣ್ಣೇ," ಅಂದಳು ಭದ್ರಮ್ಮ.

ತಗಡಿನ ಕೆಲಸಕ್ಕೆ ಒಂದು ನಿಯಮ ಉಂಟು. ಮಂಡ್ಯದಲ್ಲಿ ಉಸ್ತಾದ್ ಜಲಾಲ್ ಸಾಬರು ಕಿವಿ ಹಿಂಡಿ ಕಲಿಸಿದ್ದು: ಕೊನೆಗೆ ಬಿದ್ದ ಏಟನ್ನು ಮೊದಲು ಎತ್ತಬೇಕು. ತಗಡು ಹೇಗೆ ಮಡಿಸಿಕೊಂಡಿತೋ ಅದರ ತಿರುವುಮುರುವಾಗಿ ಬಿಡಿಸಿಕೊಂಡು ಬರಬೇಕು. ಅವಸರಕ್ಕೆ ಬಿದ್ದು ಎಲ್ಲಿ ಬೇಕೋ ಅಲ್ಲಿ ಬಡಿದರೆ ತಗಡು ಹಿಗ್ಗುತ್ತದೆ, ಮತ್ತೆ ಯಾವ ದೇವರು ಬಂದರೂ ಸಮಕ್ಕೆ ಬರುವುದಿಲ್ಲ. ಶಿವರಾಮು ತಾನು ಕೆಲಸಕ್ಕಿದ್ದ ಬಾಡಿ ಶಾಪಿನಿಂದ ಐದಕ್ಕೆ ಬಂದು, ಕಾಫಿ ಕುಡಿದು, ಮನೆಯ ಪಕ್ಕದ ಗ್ಯಾರೇಜಿಗೆ ಇಳಿಯುತ್ತಿದ್ದ. ಮೊದಲ ವಾರ ಬಾಗಿಲ ಹತ್ತಿರದ ಮೇಲಿನ ಮಡಿಕೆ ಬಿಡಿಸಿದ. ಒಳಗಿನಿಂದ ಡಾಲಿ ಅನ್ನುವ ಕಬ್ಬಿಣದ ದಿಮ್ಮಿ ಒತ್ತಿ ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟುತ್ತಾ ಕೂತರೆ ಅವನಿಗೆ ಊಟ ನಿದ್ದೆ ಬೇಡ.

ಒಂದು ಸಂಜೆ ಇನ್ನೊಂದು ಲೋಟ ಕಾಫಿ ತಂದ ಬಿಂದು ಮೊದಲ ಏಟಿನ ಸದ್ದಿಗೇ ಲೋಟ ಬಿಟ್ಟಳು. ಎರಡು ಕೈಯಲ್ಲೂ, ಪ್ಲಾಸ್ಟರಿನ ಕೈ ಸೇರಿ, ತಲೆ ಮುಚ್ಚಿಕೊಂಡು ಗೋಡೆಗೆ ಅಂಟಿದಳು.

"ಏನವ್ವ, ಸುತ್ತಿಗೆ ಸದ್ದಲ್ಲೇ ಬೆಳೆದೋಳು ನೀನು!" ಅಂತ ಶಿವರಾಮು ನಕ್ಕ.

ಅವಳೂ ನಗಲು ನೋಡಿದಳು. ಚೆಲ್ಲಿದ ಕಾಫಿಯನ್ನು ಒರೆಸಿ ಹೋದಳು.

ಎರಡು, ಮೂರನೇ ವಾರ ತುಕ್ಕಿನ ಪಾಲಾಯಿತು. ಬಾಗಿಲ ಕೆಳಗಿನ ತಗಡಿಗೆ ಅಯಸ್ಕಾಂತ ಹಿಡಿದರೆ ಕಚ್ಚಲೇ ಇಲ್ಲ. ಹಿಂದಿನ ಮಾಲೀಕ ಯಾರೋ ತೂತಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಬಳಿದು ಕೈತೊಳೆದುಕೊಂಡಿದ್ದ. ಶಿವರಾಮು ಬೈಯುತ್ತಾ ಎಲ್ಲ ಕೆರೆದು, ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ವೆಲ್ಡಿಂಗು ಮಾಡಿದ.

ಅಜಯ್ ಪ್ರತಿ ಭಾನುವಾರ ಊಟಕ್ಕೆ ಬರುತ್ತಿದ್ದ. ಮೊದಲು ಗ್ಯಾರೇಜು, ಆಮೇಲೆ ಅಡಿಗೆಮನೆ. ಮೂರನೇ ಭಾನುವಾರ ಭದ್ರಮ್ಮ ಕೋಳಿಸಾರು ಮಾಡಿದ್ದಳು. ಎಲ್ಲರೂ ಕೂತಿದ್ದರು. ಕಾವ್ಯಾ ಕಣ್ಣು ಮಿಟುಕಿಸದೆ ಕೇಳಿದಳು: "ಭಾವ, ಯುವರ್ ಸ್ಟಾಕ್ ಈಸ್ ಅಟ್ ಟೂ ಡಾಲರ್ಸ್ ನೌ, ರೈಟ್?"

ಅಜಯ್ ನಕ್ಕ. ನಗುತ್ತಲೇ ಇದ್ದ. ಸಾರು ತುಂಬಿದ್ದ ಸ್ಟೀಲ್ ತಟ್ಟೆ ಕಾವ್ಯಾಳ ಕಿವಿ ಸವರಿಕೊಂಡು ಹೋಗಿ ಹಿಂದಿನ ಗೋಡೆಗೆ ಅಪ್ಪಳಿಸಿತು. ಬಿಸಿಸಾರು ಹುಡುಗಿಯ ಕುತ್ತಿಗೆ, ಬೆನ್ನಿನ ಮೇಲೆ ಇಳಿಯಿತು. ಅವಳು ಕಿರುಚಿದಳು. ಬಿಂದು ಎದ್ದು ತಂಗಿಗೆ ಅಡ್ಡ ನಿಂತವಳು ಗಂಡನ ಕಡೆ ಕೈ ಮುಗಿದಳು, ಪ್ಲಾಸ್ಟರಿನ ಕೈ, ಬರಿಗೈ ಎರಡನ್ನೂ ಜೋಡಿಸಿ.

"ಜಾರ್ತು," ಅಂದ ಅಜಯ್.

ಯಾರಾದರೂ ಒಂದು ಮಾತು ಆಡಬೇಕಿತ್ತು. ಆಡಿದವನು ಶಿವರಾಮು. "ತಟ್ಟೆ ಬಿಸಿ ಇತ್ತೇನೋ. ಭದ್ರಾ, ಬೇರೆ ತಟ್ಟೆ ಹಾಕು ಅಳಿಯಂದ್ರಿಗೆ."

ನನಗೆ ಈ ಮಾತು ಬರೆಯುವುದಕ್ಕೂ ನಾಚಿಕೆಯಾಗುತ್ತದೆ. ಅವನಿಗೆ ಅವತ್ತು ಆಗಲಿಲ್ಲ.

ನಾಲ್ಕನೇ ವಾರ ಶಿವರಾಮು ಮಡ್‌ಗಾರ್ಡಿನ ಎರಡನೇ ಮಡಿಕೆಗೆ ಕೈಹಾಕಿದ. ಮಡಿಕೆಯ ಬಾಯಿಯನ್ನು ಇಕ್ಕಳದಲ್ಲಿ ಮೆಲ್ಲಗೆ ತೆರೆದರೆ ಒಳಗೆ ಹಳದಿ ಬಣ್ಣ ಮೆತ್ತಿತ್ತು, ಜೊತೆಗೆ ಸಿಮೆಂಟಿನ ಪುಡಿ. ಹೊರಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮಡಿಕೆಯ ಒಳಗೆ ಹೇಗೆ ಬಂತು? ಮೊದಲೇ ಒಂದು ಏಟು ಬಿದ್ದು ಬಣ್ಣ ಮೆತ್ತಿಕೊಂಡು, ಅದರ ಮೇಲೆ ಇನ್ನೊಂದು ಏಟು ಬಿದ್ದು ತಗಡು ಮುಚ್ಚಿಕೊಂಡರೆ ಮಾತ್ರ ಬರಬೇಕು. ಅದನ್ನೂ ಬಿಡಿಸಿದ. ಅಡಿಯಲ್ಲಿ ಮೊಟ್ಟಮೊದಲನೆಯ ತಗ್ಗು, ಅದರಲ್ಲೂ ಹಳದಿ, ಹಾರೆಯಷ್ಟು ನೇರವಾದ ಗೆರೆ. ಟ್ರಕ್ಕಿಗೆ ಅಂಥ ಅಂಚು ಇರುವುದಿಲ್ಲ. ಪಾರ್ಕಿಂಗಿನಲ್ಲಿ ಹಳದಿ ಬಳಿದು ನಿಲ್ಲಿಸಿದ ಸಿಮೆಂಟು ಕಂಬಕ್ಕೆ ಇರುತ್ತದೆ.

ಮೂರು ಏಟು. ಮೂರೂ ಒಂದೇ ಜಾಗಕ್ಕೆ, ಒಂದಕ್ಕಿಂತ ಒಂದು ಜೋರು. ಗಾಡಿಯನ್ನು ಹಿಂದಕ್ಕೆ ತೆಗೆದು, ಮತ್ತೆ ಮುಂದಕ್ಕೆ ಬಿಟ್ಟು, ಮತ್ತೆ ಹಿಂದಕ್ಕೆ ತೆಗೆದು. ಇಲ್ಲಿನ ಗಾಡಿಯಲ್ಲಿ ಓಡಿಸುವವನು ಕೂರುವುದು ಎಡಗಡೆ. ಆ ಬಲಗಡೆಯ ಸೀಟಿನಲ್ಲಿ ಕೂತಿದ್ದವಳು ಯಾರೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

"ಬಿಂದೂ!" ಅಂತ ಕೂಗಿದ ಕೂಗಿಗೆ ಅಕ್ಕಪಕ್ಕದ ಮನೆಗಳ ನಾಯಿಗಳು ಬೊಗಳಿದವು.

ಅವಳು ಬಂದು ಬಾಗಿಲಲ್ಲೇ ನಿಂತಳು.

"ಇದು ಟ್ರಕ್ಕಾ?"

"ಹೂಂ ಅಪ್ಪ."

"ತಗಡು ಸುಳ್ಳು ಹೇಳಲ್ಲ ಮಗಳೇ. ಮೂರ್ ಸಲ! ಕಂಬಕ್ಕೆ ಮೂರ್ ಸಲ ಗುದ್ದಿದಾನೆ ಅವ್ನು, ನಿನ್ನ ಕೂರಿಸ್ಕೊಂಡು. ಹೌದೋ ಅಲ್ವೋ?"

ಬಿಂದು ಮಡ್‌ಗಾರ್ಡನ್ನೇ ನೋಡಿದಳು. "ಬಿಡಿ ಅಪ್ಪ. ಅವ್ರಿಗೆ ಕೆಲಸದ ಟೆನ್ಶನ್ನು. ಆಮೇಲೆ ಎಷ್ಟು ಅತ್ರು ಗೊತ್ತಾ? ಅವ್ರೇ ಎಮರ್ಜೆನ್ಸಿಗೆ ಕರ್ಕೊಂಡು ಹೋದ್ರು."

ಶಿವರಾಮು ಅಡಿಗೆಮನೆಗೆ ನುಗ್ಗಿದ. ಭದ್ರಮ್ಮ ಸೊಪ್ಪು ಬಿಡಿಸುತ್ತಿದ್ದಳು, ವೆಂಕಟಮ್ಮ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ನಿಂಗೆ ಗೊತ್ತಿತ್ತಾ?"

"ಏನು?"

"ಅವ್ನು ಮಗೀನ ಹೊಡೀತಾನೆ ಅಂತ!"

"ಗೊತ್ತಿತ್ತು," ಅಂದಳು ಭದ್ರಮ್ಮ. "ಬಂದ ದಿನಾನೇ ಕುತ್ತಿಗೆ ನೋಡ್ದೆ. ನೀವು ಕಾರು ನೋಡ್ತಿದ್ರಿ."

"ಹೇಳ್ಬಾರ್ದಾ ಹಾಗಾದ್ರೆ?"

"ಹೇಳಿ? ಏನ್ ಮಾಡ್ತಿದ್ರಿ? ತಟ್ಟೆ ಬಿಸಿ ಇತ್ತು ಅಂತಿದ್ರಾ?"

"ಯಾಕ್ಲಾ ಶಿವ್ರಾಮು ಕೂಗಾಡ್ತೀಯ," ಅಂದಳು ವೆಂಕಟಮ್ಮ. "ಗಂಡ ಅಂದ್ಮ್ಯಾಲೆ ಒಂದೇಟು ಹೊಡೀದೆ ಇರ್ತಾನಾ? ನಿಮ್ಮಪ್ಪ ಏನ್ ಕಮ್ಮಿ ಹೊಡುದ್ರಾ ನಂಗೆ? ಬಾಳಲಿಲ್ವಾ ನಾನು?"

"ನೀನು ಸುಮ್ನಿರವ್ವ! ಏ ಭದ್ರಾ, ತಾಯಿ ಆದೋಳು ನೀನು. ಮಗಳನ್ನ ಕಟುಕನ ಕೈಗೆ ಕೊಟ್ಟು ಸೊಪ್ಪು ಬಿಡಿಸ್ತಾ ಕೂತಿದೀಯಲ್ಲ, ಹೆಂಗಸಾ ನೀನು?"

"ನನ್ನ ನಮ್ಮಪ್ಪ ಯಾರ ಕೈಗೆ ಕೊಟ್ಟಿದ್ದ?" ಅಂದಳು ಭದ್ರಮ್ಮ.

ಅವನ ಕೈ ಎದ್ದಿದ್ದು ಅವನಿಗೇ ಗೊತ್ತಾಗಲಿಲ್ಲ ಅಂತ ಆಮೇಲೆ ಹೇಳಿದ. ಎಲ್ಲರೂ ಹೇಳುವುದು ಅದನ್ನೇ. ಕೆನ್ನೆಗೆ ಬಿದ್ದ ಏಟಿಗೆ ಭದ್ರಮ್ಮ ಸ್ಟೂಲಿನಿಂದ ಉರುಳಿ, ಒಲೆಯ ಅಂಚಿಗೆ ಹುಬ್ಬು ತಾಗಿ, ಸೊಪ್ಪಿನ ಮೇಲೆ ಬಿದ್ದಳು. ರಕ್ತ ಕಣ್ಣಿಗೆ ಇಳಿಯಿತು. ಮಗಳನ್ನು ಹೊಡೆದ ಅಳಿಯನ ಮೇಲಿನ ಸಿಟ್ಟಿಗೆ ಹೆಂಡತಿಯನ್ನು ಹೊಡೆದಿದ್ದ, ಈ ಮಹಾಶಯ.

ಕಾವ್ಯಾ ಬಾಗಿಲಲ್ಲಿದ್ದಳು. "ಯು ಆರ್ ದ ಸೇಮ್!" ಅಂತ ಚೀರಿದಳು. "ಯು ಆರ್ ದ ಸೇಮ್ ಆ್ಯಸ್ ಹಿಮ್!" ಬಂದು ತಾಯಿಯ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ, ಅಪ್ಪನ ಕಡೆ ತಿರುಗದೆ ಕೇಳಿದಳು: "ಫೋಟೋ ತೆಗ್ದಿದೀಯಾ?"

"ಯಾವ ಫೋಟೋ?"

"ದ ಕಾರ್! ಡೆಂಟ್ಸ್! ಪೊಲೀಸಿಗೆ ತೋರ್ಸೋಕೆ!"

ಶಿವರಾಮು ಗ್ಯಾರೇಜಿನ ಕಡೆ ನೋಡಿದ. ಮೂರನೇ ಏಟನ್ನು ಒಂದನೇ ವಾರ ಅಳಿಸಿದ್ದ. ಎರಡನೆಯದನ್ನು ಈಗ ತಾನೇ. ಕೈಯಾರೆ, ಅಷ್ಟು ಅಚ್ಚುಕಟ್ಟಾಗಿ, ಉಸ್ತಾದರು ಇದ್ದಿದ್ದರೆ ಬೆನ್ನು ತಟ್ಟುವ ಹಾಗೆ. ಉಳಿದದ್ದು ಒಂದೇ ತಗ್ಗು, ಯಾವ ಅಪಘಾತದಲ್ಲೂ ಬೀಳುವಂಥದ್ದು.

ಆಮೇಲಿನ ದಿನಗಳಲ್ಲಿ ಭದ್ರಮ್ಮ ಹುಬ್ಬಿಗೆ ಪಟ್ಟಿ ಅಂಟಿಸಿಕೊಂಡೇ ಗ್ರೋಸರಿ ಅಂಗಡಿಯ ಕೆಲಸಕ್ಕೆ ಹೋದಳು. ಕೇಳಿದವರಿಗೆ ಬಚ್ಚಲಲ್ಲಿ ಜಾರಿದೆ ಅಂದಳು. ಮನೆಗೆ ಬಂದು ಅಡಿಗೆ ಮಾಡಿ, ಗಂಡನ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದಳು. ಶಿವರಾಮು "ಬಿಂದುನ ಕಳಿಸಲ್ಲ" ಅಂತ ಬಾಯಿ ತೆರೆದರೆ ಭದ್ರಮ್ಮ ಹುಬ್ಬಿನ ಪಟ್ಟಿಯ ಕೆಳಗಿನಿಂದ ಸುಮ್ಮನೆ ನೋಡುತ್ತಿದ್ದಳು. ಅವನು ಎದ್ದು ಗ್ಯಾರೇಜಿಗೆ ಹೋಗುತ್ತಿದ್ದ.

ಕೊನೆಗೆ ಬಿಂದುವೇ ಹೇಳಿದಳು. ಪ್ಲಾಸ್ಟರ್ ತೆಗೆಸಿಕೊಂಡು ಬಂದ ದಿನ, ಸಣ್ಣಗಾದ ಕೈಯನ್ನು ಉಜ್ಜಿಕೊಳ್ಳುತ್ತಾ: "ಹಬ್ಬಕ್ಕೆ ಅವ್ರ ಜೊತೆ ಹೋಗ್ತೀನಿ. ನನ್ನಿಂದ ಈ ಮನೇಲೂ ಹೊಡೆದಾಟ ಬೇಡ."

"ಇದು ನಿನ್ನಿಂದ ಶುರುವಾಗಿದ್ದಲ್ಲ," ಅಂದಳು ಭದ್ರಮ್ಮ.

"ಆದ್ರೂ ಹೋಗ್ತೀನಿ ಅಮ್ಮ. ಎಲ್ಲರ್ಗೂ ಏನ್ ಹೇಳೋದು? ಒಂದು ವರ್ಷ ಕೂಡ ಆಗಿಲ್ಲ."

ಶಿವರಾಮುವಿಗೆ ಹೇಳಲು ಬಾಯಿಲ್ಲ, ಮಾಡಲು ಕೆಲಸ ಇತ್ತು. ಬಾಗಿಲು ಕೂರಿಸಿದ. ಮರಳು ಕಾಗದದಲ್ಲಿ ಉಜ್ಜಿದ. ತಿಳಿನೀಲಿ ಬಣ್ಣ ಹೊಡೆದ, ಮೂರು ಕೈ. ಒಂದು ಸಂಜೆ ಭದ್ರಮ್ಮ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಳು. "ಇಷ್ಟು ಚಂದ ಮಾಡ್ತೀರಲ್ಲ, ಯಾರಿಗೆ?" ಅಂದಳು. ಅವಳು ಹೋದ ಮೇಲೆ ಅವನು ಬಣ್ಣ ಹೊಡೆಯುವ ಗನ್ನು ಹಿಡಿದುಕೊಂಡು ಅತ್ತ. ಆ ಅಳು ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ದೀಪಾವಳಿ ಗುರುವಾರ ಬಂದಿತ್ತು. ಇಲ್ಲಿನ ಎಲ್ಲ ಹಬ್ಬಗಳ ಹಾಗೆ ಅದೂ ಶನಿವಾರಕ್ಕೆ ಸರಿಯಿತು. ಬೆಳಿಗ್ಗೆ ಅಜಯ್ ಬಂದ. ಮೊದಲ ದೀಪಾವಳಿಯ ಅಳಿಯ. ವೆಂಕಟಮ್ಮನೇ ಮುಂದೆ ನಿಂತು ಮಣೆ ಹಾಕಿಸಿ, ನೆತ್ತಿಗೆ ಎಣ್ಣೆ ಒತ್ತಿ, ಆರತಿ ಎತ್ತಿಸಿದಳು. ಅಭ್ಯಂಜನ ಮುಗಿಸಿ ಹೊಸ ಪಂಚೆ ಉಟ್ಟು, ಹೊಸ ಶರಟು ತೊಟ್ಟು ಅಳಿಯ ಕಜ್ಜಾಯ ತಿಂದ. ಬಿಂದು ರೇಷ್ಮೆ ಸೀರೆ ಉಟ್ಟು, ಸೂಟ್‌ಕೇಸು ಬಾಗಿಲ ಹತ್ತಿರ ಇಟ್ಟುಕೊಂಡು ಕೂತಿದ್ದಳು.

ಕಾರನ್ನು ಹೊರಗೆ ತಂದು ಬಿಸಿಲಿನಲ್ಲಿ ನಿಲ್ಲಿಸಿದ್ದರು. ಅಜಯ್ ಬಲಗಡೆಯ ಮಡ್‌ಗಾರ್ಡಿನ ಮೇಲೆ ಕೈಯಾಡಿಸಿದ, ಬಗ್ಗಿ ನೋಡಿದ, ಮತ್ತೆ ಕೈಯಾಡಿಸಿದ.

"ವಾಹ್ ಮಾವ! ಏನೂ ಆಗೇ ಇಲ್ಲ ಅನ್ನೋ ಹಾಗೆ ಮಾಡ್ಬಿಟ್ಟಿದೀರ."

"ಏನೂ ಆಗ್ಲಿಲ್ವಾ?" ಅಂದ ಶಿವರಾಮು.

"ಅಂದ್ರೆ, ಹಾಗಿದೆ ಅಂದೆ."

ಶಿವರಾಮು ಗ್ಯಾರೇಜಿನೊಳಗೆ ಹೋದ. ಬರುವಾಗ ಕೈಯಲ್ಲಿ ಐದು ಸೇರಿನ ಸುತ್ತಿಗೆ.

"ಇದು ಮೊದಲನೇದು," ಅಂದು ಮಡ್‌ಗಾರ್ಡಿನ ಮುಂದಿನ ಉಬ್ಬಿಗೆ ಬಾರಿಸಿದ. ಹೊಸ ಬಣ್ಣ ಚಕ್ಕೆ ಚಕ್ಕೆಯಾಗಿ ಹಾರಿತು. "ಕಂಬಕ್ಕೆ. ಆಗಿನ್ನೂ ನನ್ನ ಮಗಳು ಬೇಡ ಬೇಡ ಅಂತಿದ್ಲು."

"ಮಾವ! ಹುಚ್ಚು ಹಿಡೀತಾ ನಿಮಗೆ?"

"ಗಾಡಿ ಹಿಂದಕ್ಕೆ ತಗೊಂಡೆ. ಇದು ಎರಡನೇದು." ಜಾಗ ಒಂದು ಬೆರಳೂ ತಪ್ಪಲಿಲ್ಲ. ತಗಡು ಕಳೆದ ತಿಂಗಳು ಹೇಗೆ ಮಡಿಸಿಕೊಂಡಿತ್ತೋ ಹಾಗೇ ಮಡಿಸಿಕೊಂಡಿತು. "ಆಗ ಕೈ ಒಡ್ಡಿದ್ಲು. ಮತ್ತೆ ಹಿಂದಕ್ಕೆ ತಗೊಂಡೆ. ಕೈ ಮುರೀತು ಅಂತ ಗೊತ್ತಾಗಿ ತಗೊಂಡೆ. ಇದು..."

ಅಜಯ್ ಅವನ ಮುಖಕ್ಕೆ ಗುದ್ದಿದ. ತುಟಿ ಸೀಳಿತು, ಒಂದು ಹಲ್ಲು ಅಲ್ಲಾಡಿತು. ಇನ್ನೊಂದು ಗುದ್ದಿಗೆ ಶಿವರಾಮು ಕಾರಿನ ಮೇಲೆ ಒರಗಿದ. ಅಜಯ್ ತಿರುಗಿ, ಸದ್ದಿಗೆ ಹೊರಗೆ ಓಡಿಬಂದಿದ್ದ ಬಿಂದುವಿನ ಜಡೆಗೆ ಕೈಹಾಕಿದ. "ಕಾರ್ ಹತ್ತೇ! ಎಲ್ಲ ಬಂದು ಅಪ್ಪನ ಹತ್ರ ಊದಿದೀಯಾ?" ಹೂವು ಮುಡಿದ ಜಡೆ ಹಿಡಿದು ಎಳೆದ ಎಳೆತಕ್ಕೆ ಅವಳು ಮೊಣಕಾಲಿನ ಮೇಲೆ ಬಿದ್ದು, ಕಾಂಕ್ರೀಟಿನ ಮೇಲೆ ಉಜ್ಜಿಕೊಂಡು ಬಂದಳು. ಕಾರಿನ ಬಾಗಿಲಿನವರೆಗೂ ಎಳೆದು ತಂದ. ಶಿವರಾಮು ಮೂರನೆಯ ಏಟು ಹೊಡೆದ. ಏಟು ಕಾರಿನ ಮುಂದಿನ ದೀಪಕ್ಕೆ ತಾಗಿತು, ಗಾಜು ಸಿಡಿದು ಅಜಯನ ಹಣೆ ಹರಿಯಿತು. ಆಗ ಅವನ ಕೈ ಜಡೆ ಬಿಟ್ಟಿತು.

ಎದುರುಮನೆಯವರು ಫೋನು ಮಾಡಿದ್ದರು. ಪೊಲೀಸರು ಬಂದಾಗ ಕಂಡದ್ದು ಇಷ್ಟು: ಸುತ್ತಿಗೆ ಹಿಡಿದ ಮುದುಕ, ಹಣೆಯಿಂದ ರಕ್ತ ಸುರಿಸುತ್ತಿರುವ ಯುವಕ, ಜಜ್ಜಿದ ಕಾರು. ಕಾರು ಯಾರದು? ಯುವಕನದು. ಶಿವರಾಮುವಿನ ಕೈ ಹಿಂದಕ್ಕೆ ತಿರುಚಿ ಬೇಡಿ ಹಾಕಿದರು. ಅಜಯ್ ಒಳ್ಳೆಯ ಇಂಗ್ಲಿಷಿನಲ್ಲಿ, ಒಂದು ಶಬ್ದವೂ ತಡವರಿಸದೆ ಹೇಳಿದ: ಮಾವನಿಗೆ ಸಿಟ್ಟಿನ ಕಾಯಿಲೆ, ಹೆಂಡತಿಯನ್ನೂ ಹೊಡೆಯುತ್ತಾನೆ, ಬೇಕಾದರೆ ಅವಳನ್ನೇ ಕೇಳಿ. ಅದನ್ನು ಅವನಿಗೆ ಹೇಳಿದ್ದವಳು ಬಿಂದು, ಮದುವೆಯ ಹೊಸತರಲ್ಲಿ, ನಂಬಿ.

ಪೊಲೀಸಿನಾಕೆ ಬಿಂದುವನ್ನು ಕೇಳಿದಳು. ಬಿಂದು ಮೊಣಕಾಲಿನ ರಕ್ತವನ್ನು ಸೀರೆಯಲ್ಲಿ ಒತ್ತಿಕೊಂಡು, "ಐ ಫೆಲ್," ಅಂದಳು. ಆಕೆ ಭದ್ರಮ್ಮನ ಕಡೆ ತಿರುಗಿದಳು. ಭದ್ರಮ್ಮನಿಗೆ ಅಷ್ಟು ಇಂಗ್ಲಿಷು ಬಾರದು. ಕಾವ್ಯಾ ನಡುವೆ ನಿಂತಳು.

"ಅಮ್ಮ, ಕೇಳ್ತಿದಾರೆ... ಅಪ್ಪ ನಿನ್ನ ಹೊಡ್ದಿದಾರಾ ಅಂತ." "ನೋ ಅಂತ ಹೇಳ್ಲಾ? ಯೆಸ್ ಅಂದ್ರೆ ಭಾವ ಹೇಳಿದ್ದೇ ನಿಜ ಆಗುತ್ತೆ."

ಭದ್ರಮ್ಮ ಗಂಡನನ್ನು ನೋಡಿದಳು. ಒಡೆದ ತುಟಿ, ಹಿಂದೆ ಕಟ್ಟಿದ ಕೈ. ಆಮೇಲೆ ಮಗಳನ್ನು ನೋಡಿದಳು.

"ನಿಜಾನೇ ಅಲ್ವಾ, ನಿಜ ಅನ್ನು," ಅಂದಳು. "ಹೊಡ್ದಿದಾರೆ. ಮಂಡ್ಯದಲ್ಲೂ ಹೊಡ್ದಿದಾರೆ, ಇಲ್ಲೂ ಹೊಡ್ದಿದಾರೆ. ಹೋದ ತಿಂಗಳು ಒಲೆಗೆ ಬಿದ್ದೆ, ನೋಡು ಅನ್ನು." ಹುಬ್ಬಿನ ಗಾಯದ ಗುರುತನ್ನು ಬೆರಳಿಟ್ಟು ತೋರಿಸಿದಳು. "ನಾನು ಬಚ್ಚಲಲ್ಲಿ ಜಾರಿದೆ ಅಂತ ಊರಿಗೆಲ್ಲ ಹೇಳಿದ್ದೆ, ಅದನ್ನೂ ಹೇಳು."

ಕಾವ್ಯಾ ಹೇಳಿದಳು. ಶಿವರಾಮು ತಲೆ ಎತ್ತಲಿಲ್ಲ. ಯಾರೂ ಕೇಳದಿದ್ದರೂ "ಯೆಸ್," ಅಂದ. "ಯೆಸ್ ಮೇಡಂ."

"ಬಿಂದು," ಅಂದಳು ಭದ್ರಮ್ಮ, "ನಾನು ಹೇಳಿದ್ದಾಯ್ತು. ಇಪ್ಪತ್ತೆಂಟು ವರ್ಷ ಆದ್ಮೇಲೆ ಹೇಳ್ದೆ. ನೀನು ಅಷ್ಟು ದಿನ ಕಾಯ್ತೀಯಾ?"

ಅಜಯ್ ಕನ್ನಡದಲ್ಲಿ ಮೆಲ್ಲಗೆ "ಬಿಂದು" ಅಂದ. ಅಷ್ಟಕ್ಕೇ ಅವಳ ಭುಜ ಮೇಲೆದ್ದಿತು, ಕೈ ತಲೆಯ ಹತ್ತಿರ ಹೋಯಿತು. ಪೊಲೀಸಿನಾಕೆ ಅದನ್ನು ನೋಡಿದಳು. ಬಂದು ಇಬ್ಬರ ನಡುವೆ ನಿಂತಳು. ಬಿಂದು ಕೈ ಇಳಿಸಿದಳು, ಸಣ್ಣಗಾದ ಆ ಬಲಗೈಯನ್ನು ಮುಂದೆ ಚಾಚಿ, ಫಾಸ್ಟರ್ ಸಿಟಿಯ ತಮ್ಮ ಮನೆಯ ಪಾರ್ಕಿಂಗಿನ ಕಂಬದಿಂದ ಶುರುಮಾಡಿದಳು. ಹೇಳಿ ಮುಗಿಸಲು ಇಪ್ಪತ್ತು ನಿಮಿಷ ಹಿಡಿಯಿತು.

ಮನೆಯ ಮುಂದಿನಿಂದ ಎರಡು ಪೊಲೀಸ್ ಕಾರುಗಳು ಹೊರಟವು. ಒಂದರಲ್ಲಿ ಅಳಿಯ, ಇನ್ನೊಂದರಲ್ಲಿ ಮಾವ. ವೆಂಕಟಮ್ಮ ಆರತಿ ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು.

"ಅಳಿಯನ್ನ ಕರ್ಕೊಂಡೋದ್ರು ಸರಿ. ನನ್ನ ಮಗುನ್ನ ಯಾಕವ್ವ ಕರ್ಕೊಂಡೋದ್ರು? ಕಾರಿಗೆ ಹೊಡುದ್ನಲ್ಲ, ಅದುಕ್ಕಾ?"

"ಅಲ್ಲ ಅತ್ತೆ," ಅಂದಳು ಭದ್ರಮ್ಮ. "ನನಗೆ ಹೊಡ್ದಿದ್ದಕ್ಕೆ."